ತಲೆನೋವಿನ ಮಾತ್ರೆ ಯಾರ ಲೆಕ್ಕಕ್ಕೆ?



ಈ ಅಂಕಣದಲ್ಲಿ ಒಂದು ಸಲ ಬೆಳೆಯ ವಿಷಯ, ಇನ್ನೊಂದು ಸಲ ಆರೋಗ್ಯದ ವಿಷಯ ಬರೆಯುವುದು ವಾಡಿಕೆ. ಈ ಸಲ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಸುಮಾರು ನಲವತ್ತು ವರ್ಷದ ತಾಯಿಯೊಬ್ಬರು ಗುಡಿಯ ಬಾಗಿಲಲ್ಲಿ ನಿಂತು, "ಸಾಮಿ, ಅರ್ಧ ತಲೆ ಸುತ್ತಿಗೇಲಿ ಹೊಡೆದಂಗೆ ನೋಯ್ತದೆ, ಬಿಸಿಲು ಕಂಡರೆ ವಾಂತಿ ಬರ್ತದೆ. ಆಶೀರ್ವಾದ ಮಾಡಿ" ಎಂದರು. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ಶಿಲುಬೆಯ ನೋವಿನೊಂದಿಗೆ ಇದನ್ನೂ ಒಪ್ಪಿಸಮ್ಮ, ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದೆ. ಪ್ರಾರ್ಥಿಸಿದ್ದು ತಪ್ಪಲ್ಲ. ಆದರೆ "ಡಾಕ್ಟರಿಗೆ ತೋರಿಸಿದಿರಾ? ಏನು ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂಬ ಎರಡು ಮಾತು ಕೇಳದೆ ಹೋದದ್ದು ತಪ್ಪು.

ಕೇಳಿದ್ದರೆ ಗೊತ್ತಾಗುತ್ತಿತ್ತು. ಆಕೆ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಪೆಟ್ಟಿಗೆ ಅಂಗಡಿಯ ನೋವಿನ ಮಾತ್ರೆಯನ್ನು ಬಹುಕಾಲದಿಂದ ನುಂಗುತ್ತಿದ್ದರು. ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದರು. ಆ ಖರ್ಚಿಗೆ ಎರಡು ಆಡು ಮಾರಬೇಕಾಯಿತು. ನೋಡಲು ಹೋದಾಗ ಅವರ ಯಜಮಾನರು ತಲೆ ತಗ್ಗಿಸಿಕೊಂಡು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: "ಹಸುವಿಗೆ ಕೆಚ್ಚಲು ಬಾವು ಬಂದಾಗ ಅದೇ ದಿನ ಡಾಕ್ಟರನ್ನ ಕರೆಸಿದೆ ಸಾಮಿ. ಇವಳ ತಲೆನೋವಿಗೆ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ."

ಅವರು ಕೆಟ್ಟವರಲ್ಲ. ಹಸುವಿನ ಖರ್ಚು ಮನೆಯ ಲೆಕ್ಕದಲ್ಲಿದೆ, ಹಾಲಿನ ಸೊಸೈಟಿಯ ಪುಸ್ತಕದಲ್ಲಿ ಅದಕ್ಕೆ ಬೆಲೆಯಿದೆ. ಹೆಂಡತಿಯ ತಲೆನೋವು ಯಾವ ಪುಸ್ತಕದಲ್ಲೂ ಇಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಅರೆತಲೆನೋವಿನ ಔಷಧಿಯನ್ನು ಮನೆಯ ಲೆಕ್ಕಕ್ಕೆ ತೆಗೆದುಕೊಳ್ಳಿ. ಲೆಕ್ಕಕ್ಕೆ ಬಾರದ ಅಗ್ಗದ ಮಾತ್ರೆಯೇ ಕೊನೆಗೆ ಅತಿ ದುಬಾರಿಯಾಗುತ್ತದೆ.

ಇದು ಪಿತ್ತವಲ್ಲ, ನಾಟಕವೂ ಅಲ್ಲ

ನಮ್ಮ ಮನೆಗಳಲ್ಲಿ ಇದನ್ನು ಅರೆತಲೆನೋವು ಎನ್ನುತ್ತೇವೆ. ಸಂತೆಯಲ್ಲಿ ತಮಿಳಿನಲ್ಲಿ ಒಟ್ರೈ ತಲೈವಲಿ ಎನ್ನುತ್ತಾರೆ. ವೈದ್ಯರು ಹೇಳುವ ಮೈಗ್ರೇನ್ ಎಂಬ ಪದವೂ 'ಅರ್ಧ ತಲೆ' ಎಂಬ ಅರ್ಥದ ಹಳೆಯ ಗ್ರೀಕ್ ಪದದಿಂದಲೇ ಬಂದದ್ದು. ಹೆಸರು ಹೀಗಿದ್ದರೂ ಕೆಲವರಿಗೆ ಎರಡೂ ಕಡೆ ನೋಯುವುದುಂಟು. ನೋವು ನಾಡಿ ಬಡಿದಂತೆ ಬಡಿಯುತ್ತದೆ, ನಡೆದಾಡಿದರೆ ಹೆಚ್ಚುತ್ತದೆ, ಬೆಳಕು ಮತ್ತು ಶಬ್ದ ಸಹಿಸಲಾಗುವುದಿಲ್ಲ, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಔಷಧಿ ತೆಗೆದುಕೊಳ್ಳದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಕಾಡಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುತ್ತದೆ.

"ಪಿತ್ತ ತಲೆಗೇರಿದೆ, ವಾಂತಿಯಾದರೆ ಇಳಿಯುತ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ವಾಂತಿಯಾದ ಮೇಲೆ ಕೆಲವರಿಗೆ ನೋವು ತಗ್ಗುವುದು ನಿಜ. ಆದರೆ ಕಾಯಿಲೆ ಇರುವುದು ಮೆದುಳಿನ ನರಗಳಲ್ಲಿ, ಹೊಟ್ಟೆಯಲ್ಲಲ್ಲ. ಇದು ಬಹುಮಟ್ಟಿಗೆ ವಂಶದಲ್ಲಿ ಬರುತ್ತದೆ. ಹಸಿವು, ನಿದ್ದೆಗೇಡು, ಬಿಸಿಲು, ಘಾಟು ವಾಸನೆ, ಹೆಂಗಸರಿಗೆ ಮುಟ್ಟಿನ ದಿನಗಳು, ಇವು ನೋವನ್ನು ಎಬ್ಬಿಸುತ್ತವೆ. ಮುಂಜಾನೆ ಹಾಲು ಕರೆದು, ಏನೂ ತಿನ್ನದೆ ಕಳೆ ಕೀಳಲು ಹೋಗಿ, ನೆತ್ತಿಯ ಮೇಲೆ ಬಿಸಿಲು ಬರುವವರೆಗೆ ಬಗ್ಗಿಯೇ ಇರುವ ತಾಯಂದಿರಿಗೆ ಇವೆಲ್ಲ ಒಂದೇ ದಿನದಲ್ಲಿ ಕೂಡಿಬರುತ್ತವೆ. ತಪಸ್ಸುಕಾಲದಲ್ಲಿ ಉಪವಾಸ ಮಾಡಿ ನೋವು ತಂದುಕೊಳ್ಳುವವರಿಗೂ ಒಂದು ಮಾತು: ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ. ಅದನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂದು ಭಾವಿಸುವವರಿದ್ದಾರೆ. ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಿಮ್ಹಾನ್ಸ್ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ನೂರಕ್ಕೆ ಸುಮಾರು 25 ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ಗುಡಿಯಲ್ಲಿ ಭಾನುವಾರ ಬಲಗಡೆ ಕುಳಿತ ತಾಯಂದಿರನ್ನು ನೋಡುವಾಗ ಈ ಲೆಕ್ಕ ನನಗೆ ನೆನಪಾಗುತ್ತದೆ.

ಕಂಬಿನ ತೆನೆ ಕಲಿಸುವ ಪಾಠ

ಈಗ ಬೆಳೆಯ ವಿಷಯಕ್ಕೆ ಬರೋಣ. ಕಂಬು, ಅಂದರೆ ಸಜ್ಜೆ ಬೆಳೆದವರು ನೋಡಿರುತ್ತೀರಿ. ಹೂವಾಗುವ ಕಾಲದಲ್ಲಿ ಮೋಡ ಕವಿದು ತೇವವಿದ್ದರೆ ತೆನೆಯಿಂದ ಜೇನಿನಂಥ ಅಂಟು ಹನಿ ಒಸರುತ್ತದೆ. ಆಮೇಲೆ ಕಾಳಿನ ಜಾಗದಲ್ಲಿ ಗಟ್ಟಿಯಾದ ಕಪ್ಪು ಬೀಜದಂಥದು ಕಾಣಿಸುತ್ತದೆ. ಇದು ಅರ್ಗಾಟ್ ಎಂಬ ಬೂಷ್ಟು ರೋಗ. ಆ ಕಪ್ಪು ಕಾಳು ಬೆರೆತ ಸಜ್ಜೆ ತಿಂದರೆ ತಲೆಸುತ್ತು, ವಾಂತಿ ಬರುತ್ತದೆ. 1975ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಜನ ಹೀಗೆ ಕಾಯಿಲೆ ಬಿದ್ದರು. ಅದಕ್ಕೇ ಕೃಷಿ ಇಲಾಖೆಯವರು ಹೇಳುವುದು: 10 ಲೀಟರ್ ನೀರಿಗೆ 1 ಕಿಲೋ ಉಪ್ಪು ಕರಗಿಸಿ ಬಿತ್ತನೆ ಬೀಜವನ್ನು ಅದರಲ್ಲಿ ಹಾಕಿ, ತೇಲುವುದನ್ನು ತೆಗೆದುಹಾಕಿ, ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿ.

ಯೂರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ಇದೇ ಜಾತಿಯ ರೋಗ ಬರುತ್ತಿತ್ತು. ಆ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲು ಬೆಂಕಿಯಲ್ಲಿಟ್ಟಂತೆ ಉರಿದು, ರಕ್ತ ಹರಿಯದೆ ಕಪ್ಪಾಗಿ ಕೊಳೆತುಹೋಗುತ್ತಿದ್ದವು. ವನವಾಸಿ ಸಂತ ಅಂತೋಣಿಯವರ ಹೆಸರಿನ ಸಭೆಯ ಸಹೋದರರು ಇಂಥ ರೋಗಿಗಳ ಶುಶ್ರೂಷೆ ಮಾಡುತ್ತಿದ್ದುದರಿಂದ ಇದಕ್ಕೆ ಸಂತ ಅಂತೋಣಿಯ ಬೆಂಕಿ ಎಂದೇ ಹೆಸರು ಬಂತು. ಅದೇ ವಿಷದಿಂದ 1918ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರ್ಥರ್ ಸ್ಟೋಲ್ ಎಂಬ ವಿಜ್ಞಾನಿ ಅರ್ಗೋಟಮೈನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದು ಮೈಗ್ರೇನಿಗೆ ಮೊದಲ ಪ್ರಬಲ ಔಷಧಿಗಳಲ್ಲಿ ಒಂದಾಯಿತು. ನಮ್ಮ ಕಣ್ಣಿಗೆ ಕಾಣುವ ನೀಲಗಿರಿಯಲ್ಲೂ 1940ರ ದಶಕದಲ್ಲಿ, ಮಹಾಯುದ್ಧದ ಕಾಲದಲ್ಲಿ, ಮದರಾಸು ಸರಕಾರದ ಕೃಷಿ ಇಲಾಖೆಯವರು ರೈ ಬೆಳೆಸಿ, ಬೇಕೆಂದೇ ರೋಗ ಹತ್ತಿಸಿ, ಔಷಧಿಗಾಗಿ ಅರ್ಗಾಟ್ ತೆಗೆದರು. ರೈತನಿಗೆ ರೋಗವಾಗಿದ್ದದ್ದು ವೈದ್ಯನಿಗೆ ಬೆಳೆಯಾಯಿತು.

ಈ ಕತೆ ಹೇಳಿದ್ದಕ್ಕೆ ಕಾರಣವಿದೆ. ಅರ್ಗೋಟಮೈನ್ ಇರುವ ಮಾತ್ರೆಗಳು ಈಗಲೂ ನಮ್ಮ ಔಷಧಿ ಅಂಗಡಿಗಳಲ್ಲಿವೆ. ಕೆಲವರು ಚೀಟಿಯಿಲ್ಲದೆಯೇ ಕೇಳಿ ಪಡೆಯುತ್ತಾರೆ. ಅಳತೆಯಲ್ಲಿದ್ದರೆ ಔಷಧಿ, ಅಳತೆ ಮೀರಿದರೆ ಸಂತ ಅಂತೋಣಿಯ ಬೆಂಕಿ. ರಕ್ತನಾಳಗಳನ್ನು ಕುಗ್ಗಿಸುವ ಆ ಗುಣ ಮಾತ್ರೆಯಲ್ಲೂ ಹಾಗೇ ಇದೆ. ಬಸುರಿಯರು, ಹೃದಯದ ಕಾಯಿಲೆ ಇರುವವರು ಇದನ್ನು ತೆಗೆದುಕೊಳ್ಳಬಾರದು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್‌ನಂಥ ಔಷಧಿಗಳ ಜೊತೆಗೆ ಸೇರಿದರೆ ಕೈಕಾಲಿಗೇ ಅಪಾಯ. ಹೊಲಕ್ಕೆ ಹೊಡೆಯುವ ಮದ್ದಿನ ಡಬ್ಬಿಯ ಮೇಲೆ ಎಷ್ಟು ಲೀಟರಿಗೆ ಎಷ್ಟು ಎಂದು ನೋಡುವ ನಾವು, ಬಾಯಿಗೆ ಹಾಕುವ ಮದ್ದಿಗೆ ಅಷ್ಟೂ ಎಚ್ಚರ ವಹಿಸದಿದ್ದರೆ ಹೇಗೆ?

ಎರಡು ಬಗೆಯ ಮಾತ್ರೆ

ಮೈಗ್ರೇನ್ ಔಷಧಿಗಳಲ್ಲಿ ಎರಡು ಬಗೆ. ಇದನ್ನು ತಿಳಿದುಕೊಂಡರೆ ಅರ್ಧ ಖರ್ಚು ತಗ್ಗುತ್ತದೆ.

ಒಂದು, ನೋವು ಬಂದಾಗ ನಿಲ್ಲಿಸುವ ಮಾತ್ರೆ. ಪ್ಯಾರಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಮೊದಲಾದವು ಮೊದಲ ಮೆಟ್ಟಿಲು. ವಾಂತಿ ಇದ್ದರೆ ಅದಕ್ಕೂ ವೈದ್ಯರು ಒಂದು ಮಾತ್ರೆ ಬರೆಯುತ್ತಾರೆ. ಇವುಗಳಿಗೆ ಬಗ್ಗದ ನೋವಿಗೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಎಂಬವಿವೆ. ಸುಮಾಟ್ರಿಪ್ಟಾನ್ 1991ರಲ್ಲಿ ಮೊದಲಿಗೆ ಯೂರೋಪಿನಲ್ಲಿ ಮಾರಾಟಕ್ಕೆ ಬಂತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಂದರೆ ಇದು ಉಳ್ಳವರ ಭೋಗವಲ್ಲ, ಎಲ್ಲರಿಗೂ ಸಿಗಬೇಕಾದ ಔಷಧಿ. ಆದರೆ ಹೃದಯದ ತೊಂದರೆ, ಪಾರ್ಶ್ವವಾಯು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಇದು ಸಲ್ಲದು. ಅರ್ಗೋಟಮೈನ್ ನುಂಗಿದ 24 ಗಂಟೆಯೊಳಗೆ ಇದನ್ನು ನುಂಗಬಾರದು. ಯಾವ ಮಾತ್ರೆಯಾದರೂ ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಫಲ ಹೆಚ್ಚು. "ಇನ್ನೆರಡು ಸಾಲು ಕಳೆ ಕಿತ್ತು ಬರುತ್ತೇನೆ" ಎಂದು ತಡ ಮಾಡಿದರೆ ಒಂದು ಮಾತ್ರೆಯಲ್ಲಿ ನಿಲ್ಲುತ್ತಿದ್ದದ್ದು ಮೂರಕ್ಕೂ ನಿಲ್ಲುವುದಿಲ್ಲ.

ಎರಡು, ನೋವು ಬಾರದಂತೆ ತಡೆಯುವ ಮಾತ್ರೆ. ತಿಂಗಳಲ್ಲಿ ನಾಲ್ಕಾರು ಸಲ ಮಲಗಿಬಿಡುವವರಿಗೆ ವೈದ್ಯರು ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್ ಮೊದಲಾದವುಗಳಲ್ಲಿ ಒಂದನ್ನು ದಿನವೂ ತೆಗೆದುಕೊಳ್ಳಲು ಬರೆಯುತ್ತಾರೆ. ಇವುಗಳಲ್ಲಿ ಹಲವು ಹಳೆಯ, ಅಗ್ಗದ ಔಷಧಿಗಳು. ಇಲ್ಲಿ ನಮ್ಮ ಜನ ಮಾಡುವ ತಪ್ಪು ಎರಡು. ಅಂಗಡಿಯವನು ಚೀಟಿ ನೋಡಿ, "ಇದು ಬಿ.ಪಿ. ಮಾತ್ರೆ ಅಲ್ವಾ, ನಿಮಗ್ಯಾಕೆ?" ಎನ್ನುತ್ತಾನೆ. ಅಥವಾ ನೆರೆಮನೆಯವರು "ಇದು ಮನಸ್ಸು ಕೆಟ್ಟವರಿಗೆ ಕೊಡೋದು" ಎನ್ನುತ್ತಾರೆ. ಹೆದರಿ ನಿಲ್ಲಿಸಿಬಿಡುತ್ತಾರೆ. ಒಂದೇ ಔಷಧಿ ಎರಡು ಮೂರು ಕಾಯಿಲೆಗೆ ಉಪಯೋಗವಾಗುವುದುಂಟು, ಹೆದರಬೇಡಿ. ಇನ್ನೊಂದು ತಪ್ಪು, ಹದಿನೈದು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದು. ಈ ಮಾತ್ರೆಗಳ ಗುಣ ತಿಳಿಯಲು ಎರಡು ಮೂರು ತಿಂಗಳು ಬೇಕು. ತೆಂಗಿನ ಮರಕ್ಕೆ ಗೊಬ್ಬರ ಹಾಕಿ ಮರುವಾರವೇ ಕಾಯಿ ಕೇಳುವವರು ಯಾರಿದ್ದಾರೆ? ಉಬ್ಬಸ ಇರುವವರು ಪ್ರೊಪ್ರನೊಲಾಲ್ ತೆಗೆದುಕೊಳ್ಳಬಾರದು. ತೆಗೆದುಕೊಳ್ಳುತ್ತಿರುವವರು ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ವಾಲ್ಪ್ರೊಯೇಟ್ ಎಂಬ ಮಾತ್ರೆ ಗರ್ಭದ ಶಿಶುವಿಗೆ ಕೇಡು ಮಾಡಬಲ್ಲದು. ಯಾರಾದರೂ ಬರೆದಿದ್ದರೆ ಮತ್ತೆ ಕೇಳಿ ತಿಳಿದುಕೊಳ್ಳಿ.

ಇನ್ನು ಮುಖ್ಯ ಎಚ್ಚರಿಕೆ. ನೋವಿನ ಮಾತ್ರೆಯೇ ಅತಿಯಾದರೆ ದಿನನಿತ್ಯದ ತಲೆನೋವು ಹುಟ್ಟಿಸುತ್ತದೆ. ಸಾದಾ ನೋವಿನ ಮಾತ್ರೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಅರ್ಗೋಟಮೈನ್ ಅಥವಾ ಹಲವು ಔಷಧಿ ಬೆರೆಸಿದ ಮಾತ್ರೆ ತಿಂಗಳಲ್ಲಿ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನಡೆದರೆ ಆ ಅಪಾಯವಿದೆ. ನಾನು ಹೇಳಿದ ತಾಯಿಗೆ ಆದದ್ದು ಅದೇ. ದಿನಕ್ಕೆ ಎರಡು ಎಂದರೆ ವರ್ಷಕ್ಕೆ 730 ಮಾತ್ರೆ. ಅಷ್ಟು ಕೊಂಡು ನುಂಗಿಯೂ ನೋವು ದಿನವೂ ಬರುತ್ತಿತ್ತು. ಡಾಕ್ಟರು ಆ ಮಾತ್ರೆ ನಿಲ್ಲಿಸಿದಾಗ ಮೊದಲ ಹತ್ತು ದಿನ ನೋವು ಇನ್ನೂ ಜೋರಾಯಿತು. ಆಮೇಲೆ ಇಳಿಯಿತು. ಈಗ ರಾತ್ರಿ ಒಂದು ತಡೆಯುವ ಮಾತ್ರೆ, ತಿಂಗಳಲ್ಲಿ ಮೂರು ನಾಲ್ಕು ದಿನ ಮಾತ್ರ ನೋವಿನ ಮಾತ್ರೆ.

ಕೊಳ್ಳುವುದು ಹೇಗೆ?

"ಸಾಮಿ, ಹೇಳುವುದು ಸುಲಭ. ದುಡ್ಡು?" ಎಂದು ನೀವು ಕೇಳುವುದು ನ್ಯಾಯ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು ಸರಕಾರಿ ಆಸ್ಪತ್ರೆ. ತಮಿಳುನಾಡಿನಲ್ಲಿ 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಆರಂಭವಾದಂದಿನಿಂದ ಔಷಧಿಗಳನ್ನು ಒಟ್ಟಾಗಿ ಕೊಂಡು ಸರಕಾರಿ ಆಸ್ಪತ್ರೆಗಳಿಗೆ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಮಾತ್ರೆಗೆ ಹಣವಿಲ್ಲ. ಎಲ್ಲ ಮಾತ್ರೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ನಿಜ. ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ, ಅದೂ ನಿಜ. ಆದರೆ ತಲೆನೋವಿನಿಂದ ಮಲಗಿ ತಿಂಗಳಿಗೆ ಎಷ್ಟು ದಿನದ ಕೂಲಿ ಹೋಗುತ್ತಿದೆ ಎಂಬುದನ್ನೂ ಅದೇ ಲೆಕ್ಕದಲ್ಲಿ ಬರೆಯಿರಿ. ಅನ್ನೂರಿನಲ್ಲಿ ಹತೋಟಿಗೆ ಬಾರದಿದ್ದರೆ ಕೊಯಮತ್ತೂರಿನ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಎರಡನೆಯದು, ಹೊರಗೆ ಕೊಳ್ಳಬೇಕಾದರೆ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆದುಕೊಡುವಂತೆ ಡಾಕ್ಟರನ್ನು ವಿನಯದಿಂದ ಕೇಳಿ. ಒಂದೇ ಔಷಧಿ ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಬೆಲೆಗೆ ಇರುತ್ತದೆ. ಕೇಂದ್ರ ಸರಕಾರದ ಜನೌಷಧಿ ಅಂಗಡಿಗಳು 2008ರಿಂದ ಇವೆ. ತಮಿಳುನಾಡು ಸರಕಾರ 2025ರ ಫೆಬ್ರವರಿಯಲ್ಲಿ ಮುದಲ್ವರ್ ಮರುಂದಗಂ ಎಂಬ 1000 ಅಂಗಡಿಗಳನ್ನು ತೆರೆಯಿತು. ಇಂಥ ಕಡೆ ಮೊದಲು ವಿಚಾರಿಸಿ. ಹತ್ತು ಮಾತ್ರೆಯ ಪಟ್ಟಿಗೆ ಎಷ್ಟು ಎಂದಲ್ಲ, ಒಂದು ಮಾತ್ರೆಗೆ ಎಷ್ಟು ಎಂದು ಕೇಳಿ ಹೋಲಿಸಿ. ಹತ್ತಿ ಮಾರುವಾಗ ನಾಲ್ಕು ಕಡೆ ದರ ಕೇಳುವ ನಮಗೆ ಇದು ಹೊಸದೇನಲ್ಲ.

ಮೂರನೆಯದು, ಒಂದು ಹಳೆಯ ನೋಟುಪುಸ್ತಕ. ಯಾವ ದಿನ ನೋವು ಬಂತು, ಎಷ್ಟು ಹೊತ್ತು ಇತ್ತು, ಏನು ನುಂಗಿದಿರಿ ಎಂದು ಗೆರೆ ಹಾಕಿ. ಓದು ಬರಹ ಬಾರದಿದ್ದರೆ ಮಕ್ಕಳು ಬರೆಯಲಿ. ಅದನ್ನು ತೋರಿಸಿದರೆ ಡಾಕ್ಟರು ಸರಿಯಾದ ಮಾತ್ರೆಗೆ ಬೇಗ ಬರುತ್ತಾರೆ. ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ನೀವಾಗಿ ಸಾಲ ಮಾಡಿ ಓಡಬೇಡಿ.

ಆದರೆ ಕೆಲವು ತಲೆನೋವುಗಳಿಗೆ ಲೆಕ್ಕ ನೋಡುತ್ತ ಕೂರಬಾರದು. ಇದ್ದಕ್ಕಿದ್ದಂತೆ ಸಿಡಿಲಿನಂತೆ ಬಂದ ನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಇವಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊಲಕ್ಕೆ ಮದ್ದು ಹೊಡೆದ ದಿನ ತಲೆನೋವಿನೊಡನೆ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಅದು ಮೈಗ್ರೇನಲ್ಲ, ವಿಷ ಏರಿದ ಗುರುತು. ಬಟ್ಟೆ ಕಳಚಿ ಮೈ ತೊಳೆದು, ಮದ್ದಿನ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಹೋಗಿ.

ಕೊನೆಯ ಮಾತು

ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಪ್ರತಿ ಮನೆಯೂ ಕೈಲಾದಷ್ಟು ಕೊಡುತ್ತದೆ. ಬಾಣಬಿರುಸಿಗೆ ಸುಡುವ ಹಣದಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ ಹೋಗುವವರ ಬಸ್ ಖರ್ಚಿಗೂ ತಿಂಗಳ ಮಾತ್ರೆಗೂ ಎತ್ತಿಡಬೇಕೆಂದು ನಾನು ಈ ವರ್ಷ ಪಾಲನಾ ಸಮಿತಿಯನ್ನು ಕೇಳಲಿದ್ದೇನೆ. ಕೆಲವರಿಗೆ ಇದು ರುಚಿಸಲಿಕ್ಕಿಲ್ಲ. "ತಲೆನೋವಿಗೂ ಗುಡಿಯ ಹಣವೇ?" ಎಂದು ಈಗಾಗಲೇ ಒಬ್ಬರು ಕೇಳಿದ್ದಾರೆ. ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರಿಯದವನು ಎಣ್ಣೆ ದ್ರಾಕ್ಷಾರಸ ಹಚ್ಚಿ ಗಾಯ ಕಟ್ಟಿದ್ದು ಮಾತ್ರವಲ್ಲ, ಛತ್ರದವನ ಕೈಗೆ ಎರಡು ನಾಣ್ಯವನ್ನೂ ಕೊಟ್ಟ. ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದೂ ಹೇಳಿದ. ಆ ಕತೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ಆ ನಾಣ್ಯದ ವಿಷಯ ಮಾತ್ರ ಕಿವಿಗೆ ಬಿದ್ದಿಲ್ಲ.

ಯಜಮಾನರೇ, ಇಂದು ಮನೆಗೆ ಹೋದ ಮೇಲೆ ನಿಮ್ಮ ಹೆಂಡತಿಯನ್ನೋ ಸೊಸೆಯನ್ನೋ ಒಂದು ಮಾತು ಕೇಳಿ: "ತಿಂಗಳಲ್ಲಿ ಎಷ್ಟು ದಿನ ತಲೆನೋವಿನ ಮಾತ್ರೆ ನುಂಗುತ್ತೀ?" ಅವರು ಮೊದಲು "ಏನೂ ಇಲ್ಲ" ಎನ್ನುತ್ತಾರೆ. ಇನ್ನೊಮ್ಮೆ ಕೇಳಿ. ನಾನು ಎರಡು ವರ್ಷಗಳ ಹಿಂದೆ ಗುಡಿಯ ಬಾಗಿಲಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದು.

ದೇವರು ನಿಮ್ಮೆಲ್ಲರನ್ನೂ ಹರಸಲಿ.

ನಿಮ್ಮ ಧರ್ಮಕೇಂದ್ರದ ಗುರುಗಳು